ಗುಳಿಗೆ ನುಂಗಿ ಮಾಡಿದ ಪ್ರಸಂಗ

ಏಪ್ರಿಲ್ 17, ಗುರುವಾರ

ಹಲ್ಲುನೋವು ಮತ್ತೆ ಶುರು. ಎಡಗಡೆಯ ದವಡೆ. ಲವಂಗ ಇಟ್ಟರೂ ಅಷ್ಟೇ. ಹೆಂಡತಿ ಕಾಂಚನಾ ಮಧ್ಯಾಹ್ನದಿಂದ ಒಂದೇ ಸಮ — "ಡಾಕ್ಟರ್ ಹಂತೇಕ ಹೋಗಿ ಕೀಳಿಸ್ಕೊಂಡ ಬರ್ರಿ." ಶುಭ ಶುಕ್ರವಾರ ಮುಗಿಯಲಿ. ಪಾಸ್ಟರ್ ಆಗಿ ಬೆಟಗೇರಿಗೆ ಬಂದ ಮೇಲೆ ಇದೇ ಮೊದಲನೆಯದು. ಸಭೆ ನೆನಪಿಡುವಂಥ ಪ್ರಸಂಗ ಮಾಡಬೇಕು. ಉಪದೇಶ ಬರೆದಾಯಿತು.

ಏಪ್ರಿಲ್ 18, ಶುಭ ಶುಕ್ರವಾರ, ಸಂಜೆ

ಪ್ರಸಂಗ ಮಾಡಲು ಪುಲ್ಪಿಟ್ ಹತ್ತುವ ಮೊದಲು ಕಾಂಚನಾ ನೋವಿನ ಗುಳಿಗೆ ಕೊಟ್ಟಳು. ಇಲ್ಲದಿದ್ದರೆ ಬಾಯಿ ತೆರೆಯಲಾಗುತ್ತಿರಲಿಲ್ಲ.

ಪ್ರಸಂಗ ಚೆನ್ನಾಗಿ ಆಯಿತು. ಯೇಸುವನ್ನು ಶಿಲುಬೆಗೇರಿಸುವ ಮೊದಲು ಸೈನಿಕರು ಬೋಳವೆಂಬ ಕಹಿ ಅಂಟು ಬೆರೆಸಿದ ದ್ರಾಕ್ಷಾರಸ ಕೊಡಲು ಬಂದರು. ನೋವು ಮರೆಸುವ ಮದ್ದು. ಕರ್ತನು ಬೇಡವೆಂದ. ಬರೆದುಕೊಂಡಿದ್ದು ಅಷ್ಟೇ. ಜನ ಅಳುವುದನ್ನು ಕಂಡು ನನಗೂ ಅಳು ಬಂತು, ಮಾತು ಓಡಿತು. "ನಾವೋ? ಸಣ್ಣ ನೋವಿಗೂ ಗುಳಿಗೆ ಹುಡುಕುತ್ತೇವೆ!" ಎಂದುಬಿಟ್ಟೆ.

ಬಾಗಿಲಲ್ಲಿ ಕೃಪಾವತಿ ಬಾಯಾರು ಕೈ ಹಿಡಿದರು. ನಿವೃತ್ತ ಶಿಕ್ಷಕಿ, ಊರಿಗೆಲ್ಲ ಬಾಯಾರು; ಎಲುಬಿಗೆ ಕ್ಯಾನ್ಸರ್. ಸೊಸೆ ಎಸ್ತೇರ ಆಟೋದಲ್ಲಿ ಕರೆತಂದಿದ್ದಳು.

"ಇವತ್ತಿಂದು ನನಗಂತನ ಹೇಳಿದಂಗಿತ್ರಿ, ಅಯ್ನೋರ."

ತುಂಬ ಸಂತೋಷವಾಯಿತು.

ಏಪ್ರಿಲ್ 21, ಸೋಮವಾರ

ಈಸ್ಟರ್ ಗದ್ದಲ ಮುಗಿಯಿತು. ಗದಗಿಗೆ ಹೋಗಿ ಹಲ್ಲು ಕೀಳಿಸಿಕೊಂಡೆ. ಮೊದಲು ಇಂಜೆಕ್ಷನ್. ಏನೂ ಗೊತ್ತಾಗಲಿಲ್ಲ.

ಏಪ್ರಿಲ್ 23, ಬುಧವಾರ

ಬಾಯಾರ ಪಕ್ಕದ ಮನೆಯ ರಹಿಮತಬಿ ಬಂದಿದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು.

"ಬಾಯಾರು ಶುಕ್ರವಾರದಿಂದ ಗುಳಿಗಿ ಬಿಟ್ಟಾರ್ರಿ. ಒದರೂದು ನಮ್ಮನಿತನಕ ಕೇಳತೈತಿ. ಸೊಸಿ ಕೈ ಮುಗದ್ರೂ ಕೇಳವಲ್ರು. ನಿಮ್ಮ ದೇವರು ಔಷಧ ಬ್ಯಾಡ ಅಂದಾನೇನ್ರಿ?"

ಕೂಡಲೇ ಹೋದೆ. ಸೆರಗು ಬಾಯಲ್ಲಿ ಕಚ್ಚಿಕೊಂಡು ಮಲಗಿದ್ದರು. ಆಸ್ಪತ್ರೆಯಿಂದ ತಂದ ಮಾರ್ಫಿನ್ ಗುಳಿಗೆ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು.

"ತಗೋರಿ ಬಾಯಾರ. ಕರ್ತ ಬ್ಯಾಡ ಅಂದದ್ದು ತಾ ಬಂದ ಕೆಲಸಕ್ಕ, ನಮ್ಮ ನೋವು ಹೊರಾಕ. ನೀವೂ ಬ್ಯಾಡ ಅನ್ನಬೇಕು ಅಂತ ಎಲ್ಲೂ ಹೇಳಿಲ್ಲ."

"ಇದನ್ನ ಅವತ್ತ ಹೇಳಲಿಲ್ಲಲ್ರಿ. ಈಗ ನನ್ನ ನೋಡಿ ಕರುಣಾ ಬಂದು ಹೇಳಾಕತ್ತೀರಿ. ಅವತ್ತ ನಿಮ್ಮ ಕಣ್ಣಾಗ ನೀರಿತ್ತು. ಖರೆ ಅದು."

ನಾನೇ ಗುಳಿಗೆ ನುಂಗಿ ನಿಂತಿದ್ದೆ — ಮಾತು ನಾಲಿಗೆಯ ತುದಿಗೆ ಬಂತು. ಎದುರಿಗೆ ಎಸ್ತೇರ. ಬಾಗಿಲಲ್ಲಿ ರಹಿಮತಬಿ. ಪ್ರಾರ್ಥನೆ ಮಾಡಿ ಎದ್ದು ಬಂದೆ.

ಏಪ್ರಿಲ್ 24

ಹೋಗಲಿಲ್ಲ. ನಾಳೆ.

ಏಪ್ರಿಲ್ 28, ಸೋಮವಾರ

ನಿನ್ನೆಯ ಆರಾಧನೆಗೆ ಎಸ್ತೇರ ಬಂದಿರಲಿಲ್ಲ. ಮನೆಗೆ ಬಂದದ್ದೇ ಕಾಂಚನಾ ಕೇಳಿದಳು — "ಬಾಯಾರಿಗೆ ಹೇಳಿದ್ರಿಲ್ಲೊ?" ನಾನು ಬೈಬಲ್ ಎತ್ತಿಡಲು ಹೋದೆ. "ಗುಳಿಗಿ ಕೊಟ್ಟಾಕಿ ನಾನ. ನೀವು ಹೇಳದಿದ್ರ ನಾ ಹೋಗಿ ಹೇಳತೀನಿ."

ಇವತ್ತು ಬೆಳಿಗ್ಗೆ ಹೋದೆ. ಬಾಯಾರ ಮುಖ ಇಳಿದು ಗುರುತೇ ಸಿಗದಂತಾಗಿತ್ತು. ಹೇಳಿದೆ. ಎಸ್ತೇರಳ ಎದುರಿಗೇ.

ಬಾಯಾರು ದಿಂಬಿನಿಂದ ತಲೆ ಎತ್ತಿದರು.

"ಪುಲ್ಪಿಟ್ ಹತ್ತೂ ಮುಂಚೇನ?"

"ಹೌದ್ರಿ."

"ಹಲ್ಲಿಗೆ?"

"ಹೌದ್ರಿ."

"ಮತ್ತ ಆ ಕಣ್ಣೀರು?"

"ಅದು ಖರೇನ ಇತ್ರಿ."

ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. "ಎಸ್ತೇರ, ನೀರು ತಾರವಾ" ಎಂದರು. ಗುಳಿಗೆ ನುಂಗಿದರು. ಕಣ್ಣು ಮುಚ್ಚಿಕೊಂಡೇ ಕೇಳಿದರು — "ಬುಧವಾರ ಬಂದಾಗ ಯಾಕ ಹೇಳಲಿಲ್ರಿ?"

ನಾಚಿಕೆ ಅಡ್ಡ ಬಂತೆಂದು ಹೇಳಲೂ ನಾಚಿಕೆ.

ಮೇ 1, ಗುರುವಾರ

ಬಾಯಾರು ದಿಂಬಿಗೆ ಒರಗಿ ಕೂತಿದ್ದರು! ಗಂಜಿಗೆ ಉಪ್ಪು ಕಡಿಮೆಯೆಂದು ಸೊಸೆಯನ್ನು ಗದರಿದರು. ಗುಳಿಗೆ ತಗೊಂಡರೆ ಮಂಪರಾಗಿ ದೇವರನ್ನೇ ಮರೆತೇನು ಎಂಬ ಭಯವೂ ಇತ್ತಂತೆ.

"ತಿರಗಾಮುರಗಾ ಆತ್ರಿ ಅಯ್ನೋರ. ಗುಳಿಗಿ ಬಿಟ್ಟಾಗನ ಪ್ರಾರ್ಥನಿ ಮಾಡಾಕ ಆಗಲಿಲ್ಲ. ಬರೇ ನೋವು. ಯೇಸು ಎಲ್ಲಿದ್ದ, ಏನ ಖಬರಿಲ್ಲ."

ಆಮೇಲೆ ಮತ್ತೊಂದು ಹೇಳಿದರು. ಗುಳಿಗೆ ಬಿಟ್ಟಿದ್ದ ಆ ವಾರ ಲಕ್ಷ್ಮೇಶ್ವರದಿಂದ ತಂಗಿ ಚನ್ನಮ್ಮ ಬಂದಿದ್ದರಂತೆ. ಅಕ್ಕ-ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಕೈ ಮುಟ್ಟಲು ಬಂದರೆ ಇವರು "ದೂರ ಸರಿ" ಎಂದು ಒದರಿದ್ದಾರೆ. ನೋವಿಗೆ. ಆಕೆ ಸಿಟ್ಟಿಗೆಂದು ತಿಳಿದು ಹೊರಟುಹೋಗಿದ್ದಾರೆ.

"ಫೋನ್ ಮಾಡಿಸೀನ್ರಿ. ಐತವಾರ ಬರ್ತಾಳಂತ."

ಮೇ 4, ಭಾನುವಾರ

ಬಾಯಾರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲಿ. ಇವತ್ತು ಮಣ್ಣು ಮಾಡಿದೆವು.

ಚನ್ನಮ್ಮ ಬಂದರು. ಪೆಟ್ಟಿಗೆ ಇಳಿಸುವಾಗ ನನ್ನ ಹತ್ತಿರ ಬಂದು ನಿಂತರು.

"ನಮ್ಮಕ್ಕ ಏನರ ಅಂದಿದ್ಲೇನ್ರಿ?"

"ನಿಮ್ಮನ್ನ ನೋಡಬೇಕಂತ ಭಾಳ ಕಾದಿದ್ರು. ಅವತ್ತ ಒದರಿದ್ದು ನೋವಿಗೆ ಒದರಿದ್ದ್ರಿ."

"ನೋವಿಗೆ ಗುಳಿಗಿ ಇತ್ತಂತಲ್ರಿ."

ಎಸ್ತೇರ ನನ್ನ ಕಡೆ ನೋಡಿದಳು. ನಾನೇ ಹೇಳಿದೆ, ಎಲ್ಲವನ್ನೂ. ಚನ್ನಮ್ಮ ಕೇಳಿಸಿಕೊಂಡರು. ಒಂದು ಹಿಡಿ ಮಣ್ಣು ಹಾಕಿ, ನನಗೆ ಕೈ ಮುಗಿಯದೆ ಹೋದರು.

ಮೇ 8, ಗುರುವಾರ, ಮಧ್ಯಾಹ್ನ

ಬರುವ ಭಾನುವಾರ ಸಭೆಯ ಮುಂದೆಯೂ ಹೇಳುವೆನೆಂದು ಕಾಂಚನಾಗೆ ತಿಳಿಸಿದೆ. "ಜನ ಏನಂದಾರು" ಎನ್ನಲಿಲ್ಲ ಅವಳು. "ಹೇಳ್ರಿ" ಎಂದಳು.

ಊಟಕ್ಕೆ ಕೂತಾಗ ಫೋನು. ಮುಂಡರಗಿಯಿಂದ. ಪರಿಚಯವಿಲ್ಲದ ದನಿ.

"ಅಯ್ನೋರ, ನಿಮ್ಮ ಶುಭ ಶುಕ್ರವಾರದ ಪ್ರಸಂಗ ವಾಟ್ಸಾಪಿನಾಗ ಬಂದಿತ್ರಿ. ಭಾಳ ಚಲೋ ಐತಿ. ನಮ್ಮವ್ವಗೂ ಹಚ್ಚಿ ಕೇಳಿಸಿದ್ವಿ. ಸಂಧಿವಾತ ಆಕೀಗೆ, ಕೈಕಾಲು ಸೊಟ್ಟ ಆಗ್ಯಾವು. ಈಗ ಗುಳಿಗಿ ಮುಟ್ಟೂದಿಲ್ಲ ಅಂತ ಹಟ ಹಿಡದಾಳ. ಆಕೀ ಸಲುವಾಗಿ ಒಂದಿಷ್ಟು ಪ್ರಾರ್ಥನಿ ಮಾಡ್ರಿ…"

ಫೋನಿನಲ್ಲಿ ಹೇಳಿದರೆ ನಂಬುವುದಿಲ್ಲ. ಗುಳಿಗೆ ತಗೋರಿ ಎಂದಷ್ಟೇ ಹೇಳಿದಾಗ ಬಾಯಾರು ಎದುರಿಗಿದ್ದೂ ನಂಬಿರಲಿಲ್ಲ. ಎದುರಿಗೆ ಕೂತು, ಮುಖ ನೋಡಿ ಹೇಳಬೇಕು. ಕಾಂಚನಾ ಬಸ್ಸು ವಿಚಾರಿಸಿ ಬಂದಿದ್ದಾಳೆ. ಈಗಲೇ ಒಂದಿದೆಯಂತೆ. ಚಪ್ಪಲಿ ಮೆಟ್ಟಿ ಕೂತೇ ಬರೆಯುತ್ತಿದ್ದೇನೆ. ಆ ತಾಯಿಗೆ ಮೊದಲು ಹೇಳಬೇಕಾದದ್ದು ನನ್ನ ಹಲ್ಲುನೋವಿನ ಗುಳಿಗೆಯ ಮಾತು.