ನನ್ನ ಮಣಿಕಟ್ಟಿನೊಳಗೆ ಬಿಟ್ಟುಹೋದ ಯಂತ್ರದ ಕುರಿತು

ಸಂಶೋಧನಾ ಯೋಜನೆಯ ಮುಖ್ಯಾಧಿಕಾರಿಗಳೇ,

ನಿಮ್ಮದೊಂದು ವಸ್ತು ನನ್ನ ಎಡ ಮಣಿಕಟ್ಟಿನಲ್ಲಿ ಉಳಿದುಹೋಗಿದೆ. ನೀವು ಮರೆತಿರಬಹುದು, ನನಗೆ ಮರೆಯುವ ಸೌಕರ್ಯವಿಲ್ಲ.

2007ರ ಸುಗ್ಗಿಯಲ್ಲಿ ಜೋಳದ ತೆನೆ ಕೊಯ್ಯುವಾಗ ಕುಡುಗೋಲು ಜಾರಿ ಕೈನರ ಕತ್ತರಿಸಿತು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಹೊಲಿದರು. ನನ್ನ ಸಹಿ ಪಡೆದು, ಅಕ್ಕಿಕಾಳಿನಷ್ಟು ಯಂತ್ರವೊಂದನ್ನೂ ಒಳಗಿಟ್ಟರು. ನರ ಎಷ್ಟು ಕೂಡಿದೆ, ಎಷ್ಟು ಜಗ್ಗಿದರೆ ತಾಳೀತು ಎಂಬುದನ್ನು ಹೊರಗಿನಿಂದ ಒಂದು ಪೆಟ್ಟಿಗೆ ಹಿಡಿದು ಓದುತ್ತಿದ್ದರು. ಅದರಂತೆ ವ್ಯಾಯಾಮ ಹೇಳುತ್ತಿದ್ದರು. ಎರಡು ತಿಂಗಳು ಓದಿದರು. ಮೂರನೆಯ ತಿಂಗಳು ಹೋದರೆ ಪೆಟ್ಟಿಗೆಯೇ ಇಲ್ಲ.

"ಪ್ರಾಜೆಕ್ಟ್ ಮುಗಿದೈತ್ರಿ. ಸಾಮಾನೆಲ್ಲಾ ವಾಪಸ್ ಹೋತು," ಎಂದರು ನಿಮ್ಮ ಗುಮಾಸ್ತರು.

"ನನ್ನ ಕೈಯಾಗಿಂದು?"

"ಅದು ಲಿಸ್ಟಿನಾಗಿಲ್ರಿ."

ಲಿಸ್ಟಿನಲ್ಲಿ ಕುರ್ಚಿಗಳಿದ್ದವು, ಗೋಡೆ ಗಡಿಯಾರವಿತ್ತು. ನಾನಿರಲಿಲ್ಲ. ವರದಿ ಬರೆದಾಯಿತು, ಇನ್ನು ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ಲವೇ?

ಆದರೆ ನನ್ನ ದುಃಖ ನರದ್ದಲ್ಲ. ನಾನು ಸವಡಿಯಲ್ಲಿ ಕೌದಿ ಹೊಲಿಯುವವಳು. ಗಂಡನಿಲ್ಲ, ಮಕ್ಕಳಿಲ್ಲ. ನಮ್ಮಲ್ಲಿ ಕೌದಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಹಳೆಯ ಸೀರೆಗಳನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂರುತ್ತೇವೆ. ಅತ್ತೆಯ ಕಾಟ, ಗಂಡನ ಕುಡಿತ, ಹೇಳಬಾರದ ಬಸಿರು, ಎಲ್ಲವೂ ಅಲ್ಲಿ ಹೊರಬೀಳುತ್ತದೆ. ಅಲ್ಲಿ ಆಡಿದ್ದು ಓಣಿಗೆ ಹೋಗುವುದಿಲ್ಲ. ಆಸ್ಪತ್ರೆಯಿಂದ ಬಂದವಳು ನಾನು ಜಂಭದಿಂದ, "ಒಳಗ ಮಶಿನ್ ಐತಿ, ಎಲ್ಲಾ ಸುದ್ದಿ ಡಾಕ್ಟರಿಗೆ ಹೇಳ್ತೈತಿ" ಎಂದುಬಿಟ್ಟೆ. ತಪ್ಪು ನನ್ನದೇ. ಅಂದಿನಿಂದ ನಾನು ಕುಳಿತರೆ ಸೂಜಿಗಳು ಮಾತ್ರ ಓಡುತ್ತಿದ್ದವು. ಕಡೆಗೊಂದು ದಿನ, ಇಪ್ಪತ್ತು ವರ್ಷ ನನ್ನ ಎದುರು ಮೂಲೆಯಲ್ಲಿ ಕುಳಿತ ಹೊಳೆವ್ವ ಎದ್ದೇಬಿಟ್ಟಳು.

"ಸಿಟ್ಟಾಗಬ್ಯಾಡ ಜಮಾಲಕ್ಕಾ. ನಿನ್ನ ಮ್ಯಾಲ ನಂಬಿಗಿ ಐತಿ. ನಿನ್ನ ಕೈಯಾಗ ಕುಂತಾವನ ಮ್ಯಾಲ ಇಲ್ಲ. ಅದನ್ನ ತಗಸ್ಕೊಂಡ ಬಾ, ಆಮ್ಯಾಲ ಕುಂದ್ರೂಣು."

ಅದಕ್ಕೆ ಕಿವಿಯಿಲ್ಲವೆಂದು ಆಣೆ ಮಾಡಿ ಹೇಳಿದೆ, ಯಾರೂ ನಂಬಲಿಲ್ಲ. ಈಗ ಅವರು ಹೊಳೆವ್ವನ ಕಟ್ಟೆಯ ಮೇಲೆ ಹೊಲಿಯುತ್ತಾರೆ. ನಗು ಇಲ್ಲಿಯವರೆಗೆ ಕೇಳುತ್ತದೆ. ನಾನು ಒಬ್ಬಳೇ ಹೊಲಿಯುತ್ತೇನೆ. ಒಂದು ಮೂಲೆ ಮುಗಿಸಿ ಎದ್ದು ಇನ್ನೊಂದು ಮೂಲೆಗೆ ಹೋಗಿ ಕೂರುತ್ತೇನೆ. ಭಾಳ ಬ್ಯಾಸರ ಆಗೈತ್ರಿ. ಇದನ್ನು ನಿಮ್ಮ ಯಾವ ಪೆಟ್ಟಿಗೆ ಅಳೆದೀತು?

ಆದ್ದರಿಂದ ಆ ಯಂತ್ರವನ್ನು ತೆಗೆಸಿಕೊಡಿ. ಅದಕ್ಕೆ ಅನುದಾನ ಇಲ್ಲವೆಂದರೆ, ಅದು ನರದ ಜಗ್ಗಾಟವನ್ನಷ್ಟೇ ಬಲ್ಲದು, ಮನುಷ್ಯರ ಮಾತು ಕೇಳಿಸಿಕೊಳ್ಳದು ಎಂದು ಕನ್ನಡದಲ್ಲಿ ಬರೆದು, ದುಂಡು ಮುದ್ರೆ ಒತ್ತಿ ಕಳಿಸಿ. ಹೊಳೆವ್ವನಿಗೆ ಓದು ಬಾರದು. ನಾನೇ ಓದಿ ಹೇಳಬೇಕು. ಕಾಗದ ಸ್ವಲ್ಪ ಉದ್ದವಾಗಿಯೇ ಇರಲಿ. ಅಷ್ಟು ಹೊತ್ತಾದರೂ ಆಕೆ ನನ್ನ ಪಕ್ಕದಲ್ಲಿ ಕೂತಿರುತ್ತಾಳೆ.

ಇಂತಿ,
ನಿಮ್ಮ ಲಿಸ್ಟಿನಲ್ಲಿಲ್ಲದ ಸಾಮಾನು,
ಜಮಾಲಬಿ, ಸವಡಿ