ಲಾಕ್ಲನ್ ಕಾವಲು ಕೂತ ದಿನಗಳು

ಆರ್ಡ್‌ವಾರಿ
17 ನವೆಂಬರ್ 1996

ಪ್ರೀತಿಯ ಊನಾ,

ಹೇಗಿದ್ದೀಯ? ನಿನ್ನ ಪತ್ರ ಕೈಸೇರಿದಾಗ ಹೆಬ್ಬಾತುಗಳು ಉತ್ತರದಿಂದ ಆಗಷ್ಟೇ ಬಂದಿಳಿಯುತ್ತಿದ್ದವು. ಈಗ ನೋಡಿದರೆ ಬೆಟ್ಟದ ನೆತ್ತಿಗೆ ಹಿಮ ಬಿದ್ದಿದೆ. ಇಷ್ಟು ತಡ ಮಾಡಿದೆನೆಂದು ಬೈದುಕೊಂಡಿರುತ್ತೀಯ. ಬೈದುಕೋ. ಬರೆಯಲು ಕೂತು ಎರಡು ಸಾಲಿಗೇ ಎದ್ದುಹೋದದ್ದು ಎಷ್ಟು ಸಲವೋ. ನಿನ್ನ ಸೊಂಟನೋವು ಹೇಗಿದೆ? ಜೀವಮಾನವಿಡೀ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಕಂಡವರನ್ನೆಲ್ಲ ಎತ್ತಿ ಕೂರಿಸಿದ ನರ್ಸಮ್ಮನಿಗೆ ಈಗ ತಾನು ಏಳುವುದೇ ಕಷ್ಟ ಎಂದು ಓದಿ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊರಲ್ಲಿ ಹೊಸದೇನಿಲ್ಲ. ಡೊಲೀನಾಳ ಅಂಗಡಿಗೆ ಒಂದು ಕಡಲಹಕ್ಕಿ ಗಿರಾಕಿಯಾಗಿದೆ. ಮೆಟ್ಟಿಲ ಮೇಲೆ ಕಾದಿದ್ದು, ಯಾರಾದರೂ ಬಾಗಿಲು ತೆಗೆದರೆ ಅವರ ಹಿಂದೆಯೇ ಒಳಗೆ ನಡೆದುಹೋಗಿ, ಬಿಸ್ಕತ್ತಿನ ಪೊಟ್ಟಣ ಕಚ್ಚಿಕೊಂಡು ನಡೆದೇ ಹೊರಗೆ ಬರುತ್ತದೆ. ಓಡುವ ಕೆಲಸವೇ ಇಲ್ಲ. ನಿನ್ನ ಗಂಡನಿಗಿಂತ ಇದರ ನಡತೆ ಎಷ್ಟೋ ಮೇಲು ಎಂದು ಅಂಚೆಯ ಹೆಕ್ಟರ್ ಅವಳನ್ನು ಕೆಣಕುತ್ತಾನೆ. ದೋಣಿಕಟ್ಟೆಯ ಕೆಳಗಿನ ನೀರುನಾಯಿ ಈ ವರ್ಷ ಒಂದೇ ಮರಿ ಕಟ್ಟಿಕೊಂಡು ಓಡಾಡುತ್ತಿದೆ. ನಾವು ಹುಡುಗಿಯರಾಗಿದ್ದಾಗ ಮೀನು ಸೀಳುತ್ತಿದ್ದೆವಲ್ಲ, ಆ ಶೆಡ್ಡಿನ ಛಾವಣಿ ಹೋದ ತಿಂಗಳ ಬಿರುಗಾಳಿಗೆ ಹಾರಿಹೋಯಿತು. ಅಲ್ಲಿ ಈಗ ಒಂದು ಬೂದು ಬಕ ಮಾತ್ರ ನಿಂತಿರುತ್ತದೆ, ಯಾರೋ ಕೆಲಸಕ್ಕೆ ಬರಹೇಳಿ ಮರೆತುಹೋದ ಹಾಗೆ.

ಲಾಕ್ಲನ್ ವಿಷಯ ಕೇಳಿದ್ದೀಯ. ವಸಂತದಲ್ಲಿ ಬರೆದದ್ದಕ್ಕಿಂತ ಮರೆವು ಹೆಚ್ಚಾಗಿದೆ. ಒಲೆಯ ಮೇಲೆ ಕೆಟಲ್ ಕೂಗಿದರೆ ಯಾವ ಹಡಗು ಬಂತೆಂದು ಕಿಟಕಿಗೆ ಹೋಗುತ್ತಾನೆ. ಬೆಳಿಗ್ಗೆ ಗಂಜಿ ಕುಡಿದದ್ದು ನೆನಪಿರುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಯಾವ ಬಂಡೆಯ ಹತ್ತಿರ ಬಲೆ ಬಿಟ್ಟಿದ್ದ ಎನ್ನುವುದು ನೆನಪಿದೆ. ಡಾಕ್ಟರು ನಿಮ್ಮ ಗಂಡನ ಹತ್ತಿರ ನಿಧಾನವಾಗಿ ಮಾತಾಡಿ ಎನ್ನುತ್ತಾರೆ, ಅವನಿಗೇನೋ ಕಿವಿ ಕೇಳದ ಹಾಗೆ.

ಆ ಬಿರುಗಾಳಿಯ ಮಾರನೆಯ ಬೆಳಿಗ್ಗೆ ಅವನು ಹಾಸಿಗೆಯಲ್ಲಿರಲಿಲ್ಲ. ಕಟ್ಟೆ, ದೋಣಿಮನೆ, ಚರ್ಚಿನ ಹಿಂಭಾಗ ಎಲ್ಲ ಹುಡುಕಿದೆ. ಕಡೆಗೆ ಹಿಂದೆಲ್ಲ ಬಲೆ ಒಣಗಿಸುತ್ತಿದ್ದ ಬೆಣಚುಕಲ್ಲಿನ ದಂಡೆಯಲ್ಲಿ ಸಿಕ್ಕ. ಅಲೆ ತಂದೆಸೆದ ಪಾಚಿಯ ರಾಶಿಯಲ್ಲಿ ಒಂದು ಸೀಲ್ ಮರಿ ಬಿದ್ದಿತ್ತು, ಮೈತುಂಬ ಬಿಳಿ ತುಪ್ಪಳ, ಹೊಕ್ಕುಳಬಳ್ಳಿ ಇನ್ನೂ ಉದುರಿರಲಿಲ್ಲ. ಇವನು ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತು, ಹಕ್ಕಿಗಳು ಅದರ ಕಣ್ಣು ಕುಕ್ಕದಂತೆ ಕೋಲು ಬೀಸುತ್ತಿದ್ದ.

ನನ್ನನ್ನು ನೋಡಿ, "ಎಫಿ, ಆ ಕಡೆಯಿಂದ ಸುತ್ತಿ ಬಾ. ಗಾಳಿಗೆ ನಿನ್ನ ವಾಸನೆ ಹೋದ್ರೆ ಅದರ ತಾಯಿ ದಡಕ್ಕೆ ಬರಲ್ಲ" ಅಂದ.

ಎಷ್ಟು ಸ್ಪಷ್ಟವಾಗಿ ಹೇಳಿದ ಗೊತ್ತಾ? ನಾನು ಸುತ್ತಿ ಬಂದೆ.

ಸೀಲ್‌ಗಳನ್ನು ಜೀವಮಾನವಿಡೀ ಶಪಿಸಿದವನು ಇವನು. ಹೆಕ್ಟರ್ ಟಪಾಲು ಚೀಲ ಹೊತ್ತು ಅಲ್ಲಿಗೂ ಬಂದು, ನಿನ್ನ ಬಲೆ ಹರಿದವರ ಮಗನಿಗೇ ಕಾವಲು ಕೂತಿದ್ದೀಯಲ್ಲ ಎಂದು ಚುಚ್ಚಿದ. "ಹರಿದಿದ್ದು ಇವನ ಅಪ್ಪ. ಇವನು ನಿನ್ನೆ ಹುಟ್ಟಿದೋನು" ಅಂದ ಲಾಕ್ಲನ್. ಮಧ್ಯಾಹ್ನ ನೀರಿನಲ್ಲಿ ಒಂದು ದೊಡ್ಡ ತಲೆ ಎದ್ದಿತು. ತಾಯಿ ತುಂಬ ಹೊತ್ತು ನಮ್ಮನ್ನೇ ನೋಡಿ, ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತ ಮೇಲೆ ಬಂದಳು. ಅವಳು ಹಾಲು ಕುಡಿಸಲು ಮಲಗಿದಾಗ ಲಾಕ್ಲನ್ ಮುಖ ತಿರುಗಿಸಿಕೊಂಡು ಕೂತ, ನನಗೂ ತಿರುಗಲು ಸನ್ನೆ ಮಾಡಿದ. ನಾನು ನಕ್ಕುಬಿಟ್ಟೆ.

ಅಲ್ಲಿಂದ ಮುಂದೆ ದಿನವೂ ಅದೇ ಕೆಲಸ. ನಾನು ಫ್ಲಾಸ್ಕಿನಲ್ಲಿ ಚಹಾ, ಓಟ್ಸ್ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ, ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದೆವು. ಮರಿ ಉಬ್ಬಿ ಉಬ್ಬಿ ಪೀಪಾಯಿಯಂತಾಯಿತು. ಈ ವರ್ಷ ನಾವಿಬ್ಬರೂ ನೆಮ್ಮದಿಯಾಗಿದ್ದದ್ದು ಅಷ್ಟು ದಿನವೇ. ಆಮೇಲೆ ತಾಯಿ ಬರುವುದನ್ನು ನಿಲ್ಲಿಸಿದಳು, ಸೀಲ್‌ಗಳಲ್ಲಿ ಹಾಗೆಯೇ. ಬಿಳಿ ತುಪ್ಪಳ ಉದುರಿತು. ಹೋದ ವಾರ ಒಂದು ದಿನ ಮರಿ ತಾನೇ ನೀರಿಗಿಳಿದು ಹೋಯಿತು. ಲಾಕ್ಲನ್ ಸಂಜೆಯವರೆಗೂ ಬರಿಯ ದಂಡೆಯನ್ನು ನೋಡುತ್ತ ಕೂತಿದ್ದ. ಆವತ್ತು ಮನೆಗೆ ಕರೆತರಲು ಸ್ವಲ್ಪ ಕಷ್ಟವಾಯಿತು. ಹೆಚ್ಚೇನಿಲ್ಲ.

ಹೊಸ ವರ್ಷಕ್ಕೆ ಗ್ಲಾಸ್ಗೋಗೆ ಬಾ ಎಂದಿದ್ದೀಯ. ಇವನನ್ನು ಬಿಟ್ಟು ಹೇಗೆ ಬರಲಿ, ಕರೆದುಕೊಂಡಾದರೂ ಹೇಗೆ ಬರಲಿ? ಮುಂಚೆಯೇ ಬರಬೇಕಿತ್ತು. ನೀನು ಕರೆದಾಗಲೆಲ್ಲ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಇಬ್ಬರೂ ಮುದುಕಿಯರಾದೆವು. ಮೆಟ್ಟಿಲು ಹುಷಾರಾಗಿ ಇಳಿ. ಮನೆ ಬೆಚ್ಚಗಿರಲಿ, ನಿನ್ನ ಸೊಂಟಕ್ಕೆ ದೇವರು ಕರುಣೆ ತೋರಲಿ, ಒಬ್ಬಳೇ ಇರುವವಳಿಗೆ ಬಾಗಿಲು ತಟ್ಟುವ ಜನ ಸದಾ ಇರಲಿ.

ನಿನ್ನ
ಎಫಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮರಿ ಹೋದ ಆ ಸಂಜೆಯದನ್ನು ಪೂರ್ತಿ ಬರೆದಿರಲಿಲ್ಲ. ನಾನು ಹತ್ತಿರ ಹೋದಾಗ ಲಾಕ್ಲನ್ ಎದ್ದು ನಿಂತು ಟೋಪಿ ತೆಗೆದ. "ನೀವು ಯಾರ ಮನೆಯವರು?" ಅಂದ. ಅವನ ಬಾಯಲ್ಲಿ ನಾನು 'ನೀವು' ಆದದ್ದು ಅದೇ ಮೊದಲು. ಪರ ಊರಿನವಳು, ಹೋಟೆಲಿನಲ್ಲಿ ಇಳಿದಿದ್ದೇನೆ ಅಂದೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಮರಿ ಹೋದದ್ದಕ್ಕೆ ಬೇಜಾರೇ ಎಂದು ಕೇಳಿದೆ.

"ಹೋಗೋದು ಹೋಗ್ಬೇಕಲ್ವಾ?" ಅಂದ. "ನನ್ನ ಹೆಂಡ್ತೀನೂ ಹೋಗೋಳಿದ್ಲು. ಗ್ಲಾಸ್ಗೋಗೆ, ಗೆಳತಿ ಜೊತೆ, ನರ್ಸ್ ಕಲಿಯೋಕೆ. ಆಸ್ಪತ್ರೆಯೋರು ಸೇರಿಸ್ಕೋತೀವಿ ಅಂದಿದ್ರಂತೆ. ದೋಣೀಲಿ ಅವಳಪ್ಪ ಹೇಳಿದ್ರು. ಅದು ಗೊತ್ತಾದ್ಮೇಲೇ ನಾನು ಅವಸರ ಮಾಡಿ ಮದುವೆ ಮಾತು ಎತ್ತಿದ್ದು. ನಂಗೆ ಗೊತ್ತಿರ್ಲಿಲ್ಲ ಅಂತ್ಲೇ ಅವಳು ತಿಳ್ಕೊಂಡಿದ್ದಾಳೆ."

ಹೋಗ್ತೀಯಾ ಇರ್ತೀಯಾ ಅಂತ ಅವಳನ್ನೇ ಕೇಳಬಹುದಿತ್ತಲ್ಲ ಅಂದೆ.

"ಕೇಳಿದ್ರೆ ಹೋಗ್ಬಿಡ್ತಿದ್ಲು."

ಮನೆಯ ತಿರುವಿಗೆ ಬರುವಷ್ಟರಲ್ಲಿ ನಾನು ಮತ್ತೆ ಎಫಿಯಾಗಿದ್ದೆ. ಚಳಿ ಕಣೆ, ಒಳಗೆ ನಡಿ ಎನ್ನುತ್ತಿದ್ದ.

ಪಾಪ, ಅವನಿಗೇನು ಗೊತ್ತಿತ್ತು ಎಂದುಕೊಂಡೇ ನಾನು ಇಷ್ಟು ವರ್ಷ ಒಂದು ದಿನವೂ ಸಿಟ್ಟು ಮಾಡಿಕೊಳ್ಳದೆ ಬಾಳಿದೆ, ಊನಾ. ಈಗ ಸಿಟ್ಟು ಬಂದಿದೆ. ಇಡೀ ದಿನ ಎದುರಿಗೇ ಕೂತಿರುತ್ತಾನೆ. ನಾನು ಜಗಳವಾಡಬೇಕಾದ ಲಾಕ್ಲನ್ ಮಾತ್ರ ಮನೆಯಲ್ಲಿಲ್ಲ.