ಅಜ್ಜಿ ಹೇಳಿದ ‘ಏಳು’ ಲೆಕ್ಕದ ಏಳಲ್ಲ

ನಮ್ಮ ಜಿಲ್ಲೆಯ ಶಾಲೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡುವ ಮಾನ್ಯರೇ,

ಎಂಟನೆಯ ತರಗತಿವರೆಗಿನ ಸರ್ಕಾರಿ ಶಾಲೆಗಳನ್ನೆಲ್ಲ ಹೋಲಿಸಿ ನೀವು ಹೊರಡಿಸಿದ ಪಟ್ಟಿಯಲ್ಲಿ ನಮ್ಮೂರ ಶಾಲೆ ಕಟ್ಟಕಡೆಗೆ ನಿಂತಿದೆ. ಕಾರಣದ ಜಾಗದಲ್ಲಿ ‘ಪರೀಕ್ಷೆಯ ವೇಳೆ ಹೊರಗಿನವರು ಉತ್ತರ ಹೇಳಿಕೊಟ್ಟರು’ ಎಂದು ಬರೆದಿದೆ. ಆ ಹೊರಗಿನವರು ಯಾರೆಂದರೆ ಪೇಚ್ಚಿಯಮ್ಮಾಳ್, ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಅಜ್ಜಿ. ಅವರು ಉತ್ತರ ಹೇಳಿಕೊಡಲಿಲ್ಲ. ಇಷ್ಟೇ ಸಂಗತಿ. ಈ ಇಷ್ಟನ್ನು ನಿಮ್ಮ ಕಿವಿಗೆ ಮುಟ್ಟಿಸಲು ಆಗದೆ ಸೋತು ಈಗ ಹತ್ತು ಜನರ ಮುಂದೆ ಬರೆಯುತ್ತಿದ್ದೇನೆ. ಕೊನೆಗೆ ನಿಂತ ಶಾಲೆಗಳನ್ನು ಬರುವ ಜೂನಿನಲ್ಲಿ ಮುಚ್ಚಿ, ಮಕ್ಕಳನ್ನು ಹೆದ್ದಾರಿಯ ಆಚೆಗಿನ ದೊಡ್ಡ ಶಾಲೆಗೆ ಸೇರಿಸುತ್ತೀರಂತೆ. ಸೇರಿಸುವುದು ಎಂಬ ಮಾತು ಎಷ್ಟು ಚೆಂದ! ಕೇಳಿದವರು ಹಬ್ಬಕ್ಕೆ ಕರೆಯುತ್ತಿದ್ದಾರೆ ಎಂದುಕೊಳ್ಳಬೇಕು.

ಕನ್ನಡದಲ್ಲಿ ಬರೆದರೆ ತಮಿಳುನಾಡಿನ ಅಧಿಕಾರಿ ಹೇಗೆ ಓದಬೇಕು ಎಂದು ನೀವು ಕೇಳಬಹುದು. ನಿಮಗೆ ಓದಲು ಬರುವ ತಮಿಳಿನಲ್ಲೇ ಅರ್ಜಿ ಕೊಟ್ಟು ನೋಡಿದ್ದೇವೆ, ಮಾನ್ಯರೇ. ಓದಲು ಬಂದರೂ ಓದದವರಿಗೆ, ಓದಲು ಬಾರದ ಭಾಷೆಯಲ್ಲಿ ಬರೆದರೆ ನಷ್ಟವೇನು? ತಪ್ಪು ನಡೆದದ್ದು ಈ ಭಾಷೆಯಲ್ಲಿ, ಅದನ್ನು ಬಿಡಿಸಲು ಆಗುವುದೂ ಈ ಭಾಷೆಯಲ್ಲೇ. ನಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಇಲ್ಲಿಗೆ ಬಂದು ಬೇಸಾಯಕ್ಕೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ವ್ಯಾಪಾರ, ಜಗಳ, ಜೋಗುಳ ಎಲ್ಲ ತಮಿಳಿನಲ್ಲೂ ನಡೆಯುತ್ತವೆ, ಅದರ ಮೇಲೆ ನಮಗೆ ಮುನಿಸಿಲ್ಲ. ಕನ್ನಡದ ಅಕ್ಷರ ಮಾತ್ರ ನಮಗೆ ಯಾರೂ ಕಲಿಸಲಿಲ್ಲ. ನಾನು ಹೂವಿನ ವ್ಯಾಪಾರಕ್ಕೆ ಮೈಸೂರಿಗೆ ಹೋಗಿಬಂದ ಕಾಲದಲ್ಲಿ, ಹೂವು ಕಟ್ಟಿಕೊಡುತ್ತಿದ್ದ ಹಳೆಯ ಪೇಪರು ಓದಿ ಓದಿ ಕಲಿತೆ.

ಈಗ ಕಥೆಗೆ ಬರುತ್ತೇನೆ. ನಿಮ್ಮ ಕಚೇರಿಯಿಂದ ಪರೀಕ್ಷಕರು ಬರುತ್ತಾರೆಂದು ಟೀಚರ್ ಜೆಯಂತಿ ನನಗೆ ಒಂದು ಮಾಲೆ ಹೇಳಿದ್ದರು. ಬೆಳಿಗ್ಗೆಯೇ ಬರುತ್ತಾರೆ ಎಂದಿದ್ದರಿಂದ ಮಕ್ಕಳು ತಲೆಗೆ ನೀರು ಹಚ್ಚಿ ಬಾಚಿಕೊಂಡು ಸಾಲಾಗಿ ಕುಳಿತಿದ್ದವು. ನೀರು ಆರಿತು, ಮಲ್ಲಿಗೆ ಅರಳಿಬಿಟ್ಟಿತು, ಅಡುಗೆಮನೆಯ ಸಾಂಬಾರಿನ ವಾಸನೆ ತರಗತಿಯೊಳಗೆಲ್ಲ ತುಂಬಿತು. ಆಗ ಜೀಪು ಬಂತು. ನಾನು ಮಾಲೆ ಕೊಟ್ಟು ಜಗಲಿಯ ಮೇಲೆ ನಿಂತೆ.

ಪರೀಕ್ಷಕರು ಎಬ್ಬಿಸಿ ನಿಲ್ಲಿಸಿದ್ದು ಯುವಶ್ರೀಯನ್ನು, ಪೇಚ್ಚಿಯಮ್ಮಾಳ್ ಅವರ ಮೊಮ್ಮಗಳನ್ನು. ಓದುವುದು ಏಳನೆಯ ತರಗತಿ. ನಲವತ್ತೆರಡನ್ನು ಆರರಿಂದ ಭಾಗಿಸಿದರೆ ಎಷ್ಟು ಎಂದು ತಮಿಳಿನಲ್ಲಿ ಕೇಳಿದರು. ಅಷ್ಟು ದೊಡ್ಡ ಹುಡುಗಿಗೆ ಅಷ್ಟು ಸಣ್ಣ ಲೆಕ್ಕ! ನಮ್ಮ ಮಕ್ಕಳ ಮೇಲೆ ನಿಮಗಿರುವ ಭರವಸೆಗೆ ಕೈಮುಗಿಯಬೇಕು. ಆದರೆ ಆ ಮಗು ಸಂಕೋಚದ ಮುದ್ದೆ. ಹೊಸಬರ ಗಟ್ಟಿ ದನಿ ಕೇಳಿದರೆ ಅಜ್ಜಿಯ ಬೆನ್ನ ಹಿಂದೆ ಸರಿಯುತ್ತದೆ. ದಾವಣಿಯ ಅಂಚು ಹಿಡಿದು ಸುಮ್ಮನೆ ನಿಂತಿತು. ಕಿಟಕಿಯ ಆಚೆ ಸೌಟು ಹಿಡಿದು ನಿಂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

“ಯಾಕ್ ಕಣ್ಣು ಸುಮ್ನೆ ನಿಂತಿದ್ದೀಯ? ಎದ್ರಬ್ಯಾಡ. ಏಳು ಕಣ್ಣು, ಏಳು!”

ಕಣ್ಣು ಎಂದರೆ ಈ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ಹೇಳು ಎನ್ನುವುದನ್ನು ನಮ್ಮ ಮನೆಗಳಲ್ಲಿ ಹಾಗೆಯೇ ಅನ್ನುವುದು. ‘ಹ’ ನಮ್ಮ ನಾಲಿಗೆಯಿಂದ ಯಾವಾಗಲೋ ಉದುರಿಹೋಗಿದೆ. ಅಜ್ಜಿ ಅಂದದ್ದು ‘ಹೇಳು, ಹೇಳು’ ಎಂದು. ಯುವಶ್ರೀ ಹೇಳಿದಳು. ಏನು ಹೇಳಿದಳು? ಏಳು. ತಮಿಳಿನಲ್ಲೂ ಅದು ಏಳೇ, ಈ ಕಡೆಯ ಬಾಯಲ್ಲಂತೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಉತ್ತರ ಸರಿ ಇತ್ತು. ಅದೇ ದೊಡ್ಡ ತಪ್ಪಾಯಿತು.

ಪರೀಕ್ಷಕರು ಕಿಟಕಿಗೆ ತಿರುಗಿ, “ಎನ್ನಮ್ಮಾ ಸೊನ್ನೀಂಗ?” ಎಂದರು. ಏನು ಹೇಳಿದಿರಿ ಎಂದು. ಪೇಚ್ಚಿಯಮ್ಮಾಳ್ ಸುಳ್ಳು ಹೇಳುವ ಜನವಲ್ಲ. ಸೌಟು ಕೆಳಗಿಟ್ಟು, ಕೈಮುಗಿದು, ತಮಿಳಿನಲ್ಲೇ ನಿಜ ಒಪ್ಪಿಸಿದರು: “ಏಳುನ್ನುದಾನ್ ಸಾಮಿ ಸೊನ್ನೇನ್.” ‘ಏಳು’ ಅಂತಲೇ ಅಂದೆ ಸ್ವಾಮಿ. ಇನ್ನೇನು ಸಾಕ್ಷಿ ಬೇಕು? ಪರೀಕ್ಷಕರ ಪೆನ್ನು ಓಡಿತು.

ದಿಂಡಿಗಲ್ಲಿನಿಂದ ಬಂದುಹೋಗುವ ಜೆಯಂತಿ ಟೀಚರಿಗೆ ನಮ್ಮ ಮಾತು ಬಾರದು. ಅವರು ಬೆಪ್ಪಾಗಿ ಅಜ್ಜಿಯನ್ನು ನೋಡುತ್ತಿದ್ದರು. ನಾನು ಒಳಗೆ ಹೋಗಿ, ಅದು ಆ ಏಳಲ್ಲ ಸಾರ್ ಎಂದು ಬಿಡಿಸಿ ಹೇಳಲು ಬಾಯಿ ತೆರೆದೆ. ನೀವು ಯಾರು ಎಂದರು ಪರೀಕ್ಷಕರು. ಹೂವಿನವನು ಎಂದೆ. “ಪೂ ಕುಡುತ್ತಾಚ್ಚುಲ್ಲ? ಕೆಳಂಬುಂಗ” ಎಂದರು. ಹೂವು ಕೊಟ್ಟಾಯಿತಲ್ಲ, ಹೊರಡಿ ಎಂದು. ನನ್ನ ಮಾಲೆ ಅವರ ಕೊರಳಲ್ಲೇ ಇತ್ತು, ಮಾನ್ಯರೇ.

ಆಮೇಲೆ ನಿಮ್ಮ ಕಚೇರಿಗೂ ಬಂದೆವು. ಅಜ್ಜಿಯನ್ನೂ ಕರೆತಂದೆವು. ನೀವು ಮೀಟಿಂಗಿನಲ್ಲಿದ್ದಿರಿ, ನಾವು ಬಂದಾಗಲೆಲ್ಲ ನೀವು ಮೀಟಿಂಗಿನಲ್ಲೇ ಇದ್ದಿರಿ. ಮೇಜಿನ ಹಿಂದಿದ್ದವರು ನಮ್ಮ ಮಾತು ಕೇಳಿ, ನಿಮ್ಮದು ಕನ್ನಡ ಶಾಲೆಯೇ ಎಂದು ವಿಚಾರಿಸಿದರು. ಅಲ್ಲ, ತಮಿಳು ಶಾಲೆ ಎಂದೆ. ಹಾಗಾದರೆ ಅಲ್ಲಿ ಕನ್ನಡ ಯಾಕೆ ಬಂತು ಎಂದರು. ಅಜ್ಜಿಯ ಬಾಯಿಂದ ಬಂತು ಎಂದೆ. “ಅಜ್ಜಿಯೇ ಒಪ್ಪಿಕೊಂಡಿದ್ದಾರಲ್ಲ” ಎಂದು ನಕ್ಕರು. ಕೆಟ್ಟ ನಗೆಯಲ್ಲ, ಅವರಿಗೂ ಊಟಕ್ಕೆ ಹೊತ್ತಾಗಿತ್ತು.

ಬಸ್ಸಿನಲ್ಲಿ ಅಜ್ಜಿ ನನ್ನನ್ನು ಕೇಳಿದರು: “ತಮ್ಮಾ ಜೆಯಕುಮಾರು, ಎಂಟು ಅಂದೆ ಅಂತ ಏಳಿದ್ರೆ ಬುಟ್ಬುಡ್ತಿದ್ನಾ?”

“ಬಿಡ್ತಿದ್ದ ಅಕ್ಕಾ. ಎಂಟಂದ್ರೆ ತಪ್ಪುತ್ತರ. ತಪ್ಪುತ್ತರ ಏಳ್ಕೊಟ್ರೆ ಕೇಸಿಲ್ಲ.”

ಅಜ್ಜಿ ನಗಲಿಲ್ಲ. ನಾನು ನಗಿಸಲೆಂದೇ ಹೇಳಿದ್ದೆ.

ಹೋಲಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೂವಿನ ವ್ಯಾಪಾರಿ ಹಾಗಂದರೆ ಜನ ನಗುತ್ತಾರೆ. ಆದರೆ ನಿಲಕ್ಕೋಟ್ಟೈ ಮಾರ್ಕೆಟ್ಟಿನಲ್ಲಿ ಮೊಗ್ಗನ್ನು ಮೊಗ್ಗಿನ ಪಕ್ಕ ಇಟ್ಟು ನೋಡುತ್ತೇವೆ. ಮುಂಜಾನೆ ಬಂದ ಮೊಗ್ಗನ್ನೂ ಬಿಸಿಲೇರಿದ ಮೇಲೆ ಬಂದ ಅರಳುಹೂವನ್ನೂ ಒಂದೇ ರಾಶಿಗೆ ಸುರಿದು, ಇದು ಮೇಲು ಅದು ಕೀಳು ಎನ್ನುವ ದಲ್ಲಾಳಿಯನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ನಿಮ್ಮವರು ಪೇಟೆಯ ಶಾಲೆಗೆ ಹೋಗಿದ್ದು ಬೆಳಿಗ್ಗೆ, ಮಕ್ಕಳು ತಾಜಾ ಇದ್ದಾಗ. ಅಲ್ಲಿ ಗೋಡೆಯ ಮೇಲೆ ಬೆಳಗುವ ಹಲಗೆ ಇದೆ, ಪ್ರತಿ ಪಾಠಕ್ಕೂ ಒಬ್ಬ ಟೀಚರ್ ಇದ್ದಾರೆ. ನಮ್ಮಲ್ಲಿ ಲೆಕ್ಕಕ್ಕೂ ವಿಜ್ಞಾನಕ್ಕೂ ಆಟಕ್ಕೂ ಒಬ್ಬರೇ ಜೆಯಂತಿ. ಮಳೆ ಬಂದರೆ ಸೋರುವ ಜಾಗಕ್ಕೆ ಪಾತ್ರೆ ಇಡುವವರೂ ಅವರೇ. ಕೊಡೈಕಾನಲ್ ಕಡೆಯ ಬೆಟ್ಟದ ಶಾಲೆಯೂ ನಮಗಿಂತ ಮೇಲೆ ನಿಂತಿದೆ. ಸಂತೋಷ. ಅಲ್ಲಿಗೆ ನಿಮ್ಮ ಜೀಪು ಹತ್ತಲಿಲ್ಲವೆಂದೂ, ಫೋನಿನಲ್ಲೇ ಕೇಳಿ ಬರೆದುಕೊಂಡರೆಂದೂ ಘಾಟಿ ರಸ್ತೆಯಲ್ಲಿ ತರಕಾರಿ ಇಳಿಸುವವರು ಮಾತಾಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ ನಾನರಿಯೆ. ಫೋನಿನಲ್ಲಿ ಕೇಳಿದ್ದರೆ ನಮ್ಮ ಅಜ್ಜಿಯ ದನಿಯೂ ಕೇಳಿಸುತ್ತಿರಲಿಲ್ಲವಲ್ಲ, ನಮ್ಮ ಶಾಲೆ ಉಳಿಯುತ್ತಿತ್ತಲ್ಲ ಎಂಬ ಆಸೆ ಅಷ್ಟೇ.

ಶಾಲೆ ಹೋದರೆ ಏನಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದಾರೋ? ಯುವಶ್ರೀಯ ಅಪ್ಪ ರಾಮ್‌ಕುಮಾರ್ ಬತ್ತಲಗುಂಡಿಗೆ ತರಕಾರಿ ವ್ಯಾನು ಓಡಿಸುತ್ತಾನೆ. ಆ ಹೆದ್ದಾರಿಯನ್ನು ಅವನಷ್ಟು ಬಲ್ಲವರಿಲ್ಲ. “ಐವೇ ದಾಟ್ಸಿ ಎಣ್ಮಗೂನ ಕಳ್ಸೋಕಾಗಲ್ಲ ಮಾಮಾ. ನನ್ನಂಗೆ ವಣ್ಡಿ ಓಡ್ಸೋರ್ನ ನಾನೇ ನಂಬಲ್ಲ. ಎಂಟ್ ಮುಗೀಲಿ ಅಂತಿದ್ದೆ. ಏಳಕ್ಕೇ ನಿಂತೋಯ್ತು” ಎಂದ. ಏಳು ಎಂಬ ಮಾತು ಬಾಯಿಂದ ಬಂದ ಮೇಲೆ ಅವನೇ ತಲೆ ತಗ್ಗಿಸಿದ. ಜೂನಿನಿಂದ ಹುಡುಗಿ ಹೂವು ಬಿಡಿಸಲು ಹೋಗಬೇಕು. ಆ ಹೂವನ್ನು ಕೊಳ್ಳುವವನು ಬಹುಶಃ ನಾನೇ.

ಅವಳು ಈಗ ಅಜ್ಜಿಯ ಜೊತೆ ಕನ್ನಡ ಆಡುವುದಿಲ್ಲ. ಯಾರೂ ಬೈದಿಲ್ಲ, ಯಾರೂ ಬೇಡವೆಂದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಒಂದೇ ಮಾತು ಉತ್ತರ. ಶಾಲೆಯ ದಾರಿಯಲ್ಲಿ ಮಕ್ಕಳು ‘ಏಳು, ಏಳು’ ಎಂದು ಕೂಗಿ ಓಡುತ್ತವೆ. ಮೊದಲು ಬೆಳಗಾದರೆ ಪೇಚ್ಚಿಯಮ್ಮಾಳ್ ಮೊಮ್ಮಗಳ ತಲೆ ಸವರಿ, “ಏಳು ಕಣ್ಣು, ಏಳು” ಎಂದು ಎಬ್ಬಿಸುತ್ತಿದ್ದರು. ನಿದ್ದೆಯಿಂದ ಏಳುವುದಕ್ಕೂ ನಮ್ಮಲ್ಲಿ ಅದೇ ಮಾತು. ಈಗ ಭುಜ ಮುಟ್ಟಿ ಸುಮ್ಮನೆ ನಿಲ್ಲುತ್ತಾರೆ, ಅವಳು ತಾನಾಗಿ ಕಣ್ಣು ತೆರೆಯುವವರೆಗೆ.

ನನ್ನ ಬೇಡಿಕೆ ದೊಡ್ಡದಲ್ಲ. ಪಟ್ಟಿಯಲ್ಲಿ ಮೇಲೆ ತನ್ನಿ ಎಂದು ಕೇಳುವಷ್ಟು ಧೈರ್ಯ ನನಗೆ ಉಳಿದಿಲ್ಲ. ಜೂನಿಗೆ ಮುಂಚೆ ಒಂದು ಸಲ ನೀವೇ ಬನ್ನಿ. ಬೆಳಿಗ್ಗೆ ಬನ್ನಿ. ಏಳು ಉತ್ತರವಾಗದ ಯಾವುದಾದರೊಂದು ಲೆಕ್ಕವನ್ನು, ಎಷ್ಟೇ ಕಷ್ಟದ್ದಾಗಲಿ, ಯುವಶ್ರೀಗೆ ಕೇಳಿ. ಅಜ್ಜಿ ದೂರದ ಬೇವಿನ ಮರದ ಕೆಳಗೆ ಬಾಯಿಗೆ ಸೆರಗು ಮುಚ್ಚಿ ನಿಲ್ಲುತ್ತಾರೆ. ಮಗು ತಡಮಾಡಿದರೆ ಪೆನ್ನು ತೆಗೆಯಬೇಡಿ, ತುಸು ಕಾಯಿರಿ. ಅವಳಿಗೆ ‘ಹೇಳು’ ಎನ್ನುವವರು ಈಗ ಯಾರೂ ಇಲ್ಲ.

ಇಂತಿ,
ಹೂವು ಕೊಟ್ಟಾದ ಮೇಲೆ ಹೊರಡಬೇಕಾಗಿದ್ದವನು,
ಜೆಯಕುಮಾರ್